ಮೂರನೇ ಸಾಲು, ಕಿಟಕಿಯ ಸೀಟು

ಬಸ್ಸು ರೂವಿ ಬಿಟ್ಟದ್ದು ಆರೂಕಾಲಿಗೆ.
ಗಡಿಯಾರ ನೋಡಿ ಹೇಳಿದ್ದಲ್ಲ;
ಮೂವತ್ತೊಂದು ವರ್ಷ ಇದೇ ಹೊತ್ತಿಗೆ
ಕ್ಲಚ್ಚು ತುಳಿದ ಎಡಗಾಲು
ಈಗಲೂ ತಾನಾಗಿ ಒಮ್ಮೆ ಅಲ್ಲಾಡುತ್ತದೆ.

ಇವತ್ತು ಸ್ಟೇರಿಂಗು ಹಿಡಿದವನು ಬೇರೆ,
ಪೇಶಾವರದ ಹುಡುಗ, ಮೀಸೆ ಇನ್ನೂ ಸರಿಯಾಗಿ ಕೂತಿಲ್ಲ.
ಖುರಯ್ಯಾತಿನ ಇಳಿಜಾರಿನಲ್ಲಿ ಗೇರು ಬದಲಿಸಲಿಲ್ಲ ಅವನು.
ಮೂರನೇ ಸಾಲಿನಲ್ಲಿ ಕೂತ ನಾನು
ಇಲ್ಲದ ಬ್ರೇಕನ್ನು ಗಟ್ಟಿಯಾಗಿ ಒತ್ತಿದೆ.
"ಏನು ನಿಮ್ಮದು, ಎದುರಿನವರನ್ನು ಒದೀಲಿಕ್ಕೆ ಹೊರಟದ್ದಾ?"
ಎಂದಳು ಆಸ್ಯಮ್ಮ, ಮಡಿಲಲ್ಲಿ ಪತ್ತಿರಿನ ಡಬ್ಬಿ.
ಎದುರು ಸೀಟಿನ ಲೀನಾ ಟೀಚರು ತಿರುಗಿ ನಕ್ಕರು:
"ಒದೀಲಿ ಬಿಡಿ, ನಮ್ಮನ್ನೆಲ್ಲ ತಿರುಗಾಡಿಸಿದ ಕಾಲು."

ತಿರುಗಾಡಿಸಿದ್ದು ಹೌದು.
ಕನ್ನಡ ಕೂಟದ ಪಿಕ್‌ನಿಕ್ಕು, ಶಾಲೆ ಮಕ್ಕಳ ಪಿಕ್‌ನಿಕ್ಕು,
ಸೊಹಾರಿಗೆ ಹೋದ ಒಂದು ಮದುವೆ ದಿಬ್ಬಣ,
ಯಾರದೋ ಮಗುವಿಗೆ ವರ್ಷ ತುಂಬಿದ್ದಕ್ಕೆ ಸವಾದಿಯ ಬೀಚು.
ಜನ ಇಳಿದು ಹೋಗುತ್ತಿದ್ದರು. ನಾನು
ಎಸಿ ಹಾಕಿದರೆ ಡೀಸೆಲಿನ ಲೆಕ್ಕ ಕೇಳುವ ಕಂಪನಿಗೆ ಹೆದರಿ
ಬಾಗಿಲು ತೆಗೆದಿಟ್ಟು, ಎರಡು ಸೀಟಿಗೆ ಅಡ್ಡಲಾಗಿ ಮಲಗುತ್ತಿದ್ದೆ.
ಸಂಜೆ ಅವರು ಬರುವಾಗ ಒದ್ದೆ ತಲೆ, ಮರಳು ಕಾಲು,
ಪೇಪರ್ ಪ್ಲೇಟಿನಲ್ಲಿ ನನ್ನ ಪಾಲು:
ಆರಿದ ಬಿರಿಯಾನಿ, ಒಂದು ಕಿತ್ತಳೆ.

ವಾದಿ ಶಾಬಿಗೆ ಎಷ್ಟು ಸಲ ಬಂದಿರಬಹುದು ನಾನು?
ಹೆದ್ದಾರಿ ಸೇತುವೆಯ ಅಡಿಯ ಪಾರ್ಕಿಂಗಿನಲ್ಲಿ
ಯಾವ ಕಂಬದ ನೆರಳು ಎಷ್ಟು ಗಂಟೆಗೆ
ಎಲ್ಲಿಗೆ ಸರಿಯುತ್ತದೆಂದು ಬಾಯಿಪಾಠ.
ನೀರು ಮಾತ್ರ ಗೊತ್ತಿರಲಿಲ್ಲ.

ದೋಣಿಯ ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿ
"ಬಸ್ಸಿನವನು ನೀನು! ಬಸ್ಸೆಲ್ಲಿ?" ಎಂದ.
ಮಂಡಿ ಹಿಡಿದುಕೊಂಡು ಹತ್ತಿದೆ.
ಆಚೆ ದಡದಲ್ಲಿ ಬಾಳೆ, ಖರ್ಜೂರ,
ಬಂಡೆಯನ್ನು ಕೊರೆದು ಹರಿಸಿದ ಸಣ್ಣ ಕಾಲುವೆ,
ಮೊಮ್ಮಗಳು ರಿಝಾ ಮುಂದೆ ಓಡಿ "ಉಪ್ಪಾಪಾ, ಬೇಗ!" ಎಂದರೆ
ಗುಡ್ಡವೂ ಅದನ್ನೇ ಒಮ್ಮೆ ಹೇಳಿತು.

ಅರವತ್ತು ದಾಟಿದವರಿಗೆ ಲಿಂಬೆ-ಚಮಚದ ಓಟ ಇತ್ತು.
ಆಸ್ಯಮ್ಮ ಗೆದ್ದಳು.
ಹೆಬ್ಬೆರಳಲ್ಲಿ ಲಿಂಬೆಯನ್ನು ಒತ್ತಿ ಹಿಡಿದಿದ್ದಳು, ನಾನು ಕಂಡೆ,
ಹೇಳಲಿಲ್ಲ. ಬಹುಮಾನದ ಹಾಟ್‌ಪಾಟ್ ನಮ್ಮ ಮನೆಗೇ ತಾನೆ.

ಮಗ ಕದ್ದು ತಂದ ಕೇಕು ಆಗ ಹೊರಬಂತು.
ಸಂಜೀವ ಶೆಟ್ಟಿಗಾರರು ಮೈಕಿನಲ್ಲಿ:
"ಮೋಣಬ್ಬಾಕ, ಆಸ್ಯಮ್ಮ! ಮದುವೆಯಾಗಿ ಮೂವತ್ತೈದು ವರ್ಷ!"
ಚಪ್ಪಾಳೆಯ ನಡುವೆ ನಾನು ಲೆಕ್ಕ ಹಾಕಿದೆ:
ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ,
ವಿಮಾನ ಹತ್ತುವ ಮೊದಲಿನ ಒಂದು ವರ್ಷ,
ಅವಳು ಇಲ್ಲಿಗೆ ಬಂದು ಮೂರು.
ಎಲ್ಲ ಕೂಡಿದರೆ ಆರೂವರೆ.
ಸರಿಯಾಗಿ ಹೇಳುವುದಾದರೆ ನಾವು ಹೊಸ ಜೋಡಿ.
ಅವಳ ಕಿವಿಯಲ್ಲಿ ಹೇಳಿದೆ.
"ಕೇಕು ತಿನ್ನಿ, ಸಕ್ಕರೆ ಮಾತ್ರೆ ತಂದಿದ್ದೇನೆ" ಅಂದಳು.

ಮತ್ತೆ ಹೊಂಡದಂಚಿನ ಬಂಡೆಯ ಮೇಲೆ ಕೂತು
ಪ್ಯಾಂಟು ಮಡಚಿ ಕಾಲು ಇಳಿಬಿಟ್ಟೆ.
ಬೆರಳುದ್ದದ ಮೀನುಗಳು ಬಂದು
ಹಿಮ್ಮಡಿಯ ಹಳೆಯ ದಡ್ಡು ಚರ್ಮವನ್ನು
ಸಾವಕಾಶ ಮುಕ್ಕತೊಡಗಿದವು.
ಎಡಗಾಲು ಅಲ್ಲಾಡಲಿಲ್ಲ.

ಆಗ ನೆನಪಾಯಿತು.
ಬಿಸಿ ಇರುವಾಗಲೇ ಒಂದು ಪ್ಲೇಟು ಕಟ್ಟಿಸಿಕೊಂಡು
ಒದ್ದೆ ಕಾಲಲ್ಲೇ ವಾಪಸು ನಡೆದೆ, ದೋಣಿ ದಾಟಿದೆ.
ಹುಡುಗ ಮಲಗಿದ್ದ, ಎರಡು ಸೀಟಿಗೆ ಅಡ್ಡಲಾಗಿ,
ಬಾಗಿಲು ತೆಗೆದಿಟ್ಟು.
"ಏಳು. ಬಸ್ಸನ್ನು ಯಾರೂ ಕದಿಯುವುದಿಲ್ಲ,
ನಾನು ತುಂಬ ವರ್ಷ ಕಾದು ನೋಡಿದ್ದೇನೆ."
ಪ್ಲೇಟು ನೋಡಿದ, ಬೀಗ ನೋಡಿದ.
"ಈಜು ಬರುವುದಿಲ್ಲ ನನಗೆ, ಚಾಚಾ."
"ನನಗೂ ಇಲ್ಲ," ಎಂದೆ,
"ಕಾಲು ಇಳಿಬಿಟ್ಟರೆ ಸಾಕು,
ಉಳಿದದ್ದು ಮೀನು ನೋಡಿಕೊಳ್ಳುತ್ತದೆ."