ಕಿವಿ ಮುರಿದ ಕುದುರೆ

ಅಪ್ಪನಿಗೆ ಹುಟ್ಟಿದ ದಿನವಿಲ್ಲ.
ಶಾಲೆಗೆ ಹಚ್ಚುವಾಗ ಮಾಸ್ತರರು ಕೊಟ್ಟ
ಜೂನ್ ಒಂದು ಇದೆ,
ಓಣಿಯ ಅರ್ಧ ಗಂಡಸರಿಗೆ ಇರುವಂತೆ.
ಶಕವರುಷ ಒಂಬೈನೂರ ಎಪ್ಪತ್ತರ
ಪುಷ್ಯ ಶುದ್ಧ ಬಿದಿಗೆ ಯಾವ ವಾರವೆಂದು ಕೇಳಿ,
ಊಟ ಬಿಟ್ಟು ಲೆಕ್ಕ ಹಾಕುತ್ತಾನೆ.
ತನ್ನದು ಕೇಳಿದರೆ,
"ಜ್ವಾಳಾ ಕೊಯ್ಯು ಮುಂದ ಅಂತಿದ್ಲು ನಮ್ಮವ್ವ."

ಈ ಜೂನ್ ಒಂದಕ್ಕೆ ಎಪ್ಪತ್ತು.
ಏನಾದರೂ ಹಳೆಯದು ಕೊಡಬೇಕು,
ಅವನಿಗಿಂತ ಹಳೆಯದು.

ಮೂವತ್ತನಾಲ್ಕು ವರ್ಷ ಗದಗ ಸೀಮೆಯಲ್ಲಿ
ಲೈನ್‌ಮನ್ ಆಗಿದ್ದವನು.
ಕಂಬ ಹತ್ತಿದ್ದು ಸಂಬಳಕ್ಕೆ,
ಕಂಬ ಓದಿದ್ದು ತನ್ನ ಸಲುವಾಗಿ.
ಮೇಲಿನಿಂದ ಕಾಣುತ್ತಿತ್ತಂತೆ
ಎರೆಹೊಲದ ಬದುವಿಗೆ ಮಲಗಿದ ಕಲ್ಲು,
ಯಾರದೋ ದನದ ಕೊಟ್ಟಿಗೆಗೆ ಮೆಟ್ಟಿಲಾದ ಶಾಸನ.
ಇಳಿದು, ತಂಬಿಗೆ ನೀರು ಸುರಿದು ಒರೆಸಿ,
ಮೀಟರ್ ಪುಸ್ತಕದಲ್ಲಿ ಇಳಿಸಿಕೊಳ್ಳುತ್ತಿದ್ದ:
ಹಾಳೆಯ ಮುಂದೆ ಯೂನಿಟ್ಟು,
ಹಿಂದೆ ಸ್ವಸ್ತಿಶ್ರೀ.

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದೆ
ಖಾಜೇಸಾಬ ಕಲಾಯಿಗಾರರ ಅಂಗಡಿ.
ಅವರಪ್ಪ ಕಲಾಯಿ ಹಾಕುತ್ತಿದ್ದರು; ಸ್ಟೀಲು ಬಂತು;
ಮಗ ಹಳೇ ಪಾತ್ರೆ ಮಾರುತ್ತಾರೆ.
"ಎಷ್ಟ ಹಳೇದು ಬೇಕವ್ವಾ?" ಎಂದರು,
ಅಂಗಿಯ ಅಳತೆ ಕೇಳುವ ಹಾಗೆ.

ನಾಣ್ಯ ತೆಗೆದರು. ಕಲ್ಲಿಗೆ ಬಡಿದೆ, ಅಪ್ಪ ಕಲಿಸಿದಂತೆ.
ದನಿ ಹಿತ್ತಾಳೆಯದು.
"ಗೊತ್ತಿದ್ದವರಿಗೆ ತೋರಸಬಾರದಿತ್ತು" ಎಂದು ಅವರೇ ನಕ್ಕರು.
ಎಣ್ಣೆಯ ಮಿಳ್ಳಿ, ಹಿಡಿಯಲ್ಲಿ ಗಿಳಿ ಕೂತ ಅಡಕೊತ್ತು,
ತಳ ಸವೆದ ತಾಮ್ರದ ಸೌಟು,
ಮನೆತನದ ಹೆಸರು ಕೊರೆದ ಗಿಂಡಿ.
ಹೆಸರು ಓದಿದೊಡನೆ ಕೆಳಗಿಟ್ಟೆ.
ಆ ಮನೆಯ ಸೊಸೆ ಯಾರೋ,
ಯಾವ ಮಗುವಿನ ಫೀಗೆ ಮಾರಿದಳೋ.

ಆಮೇಲೆ ಅವರು ಗೋಣಿಚೀಲ ಬಿಚ್ಚಿದರು,
ದನಿ ಇಳಿಸಿ: "ಇದು ಖರೇ ಹಳೇದು."
ಒಂದು ಮೊಳದ ಕಲ್ಲು.
ಕುದುರೆ, ಅದರ ಮೇಲೊಬ್ಬ, ಎತ್ತಿದ ಕತ್ತಿ,
ಕೆಳಗೆ ಬಿದ್ದವನ ತಲೆ ಅರ್ಧಕ್ಕೇ ತುಂಡು.
ಉಳಿದರ್ಧ ಹೊಲದಲ್ಲೇ ಇರಬೇಕು.
ಕುದುರೆಯ ಎಡಗಿವಿ ಮುರಿದಿತ್ತು.

ಆ ಕಿವಿ ನನಗೆ ಗೊತ್ತು.
ನಾಲ್ಕನೇ ಇಯತ್ತೆ. ಸೈಕಲ್ಲಿನ ದಾಂಡಿಯ ಮೇಲೆ ಕೂರಿಸಿಕೊಂಡು
ಲಕ್ಕುಂಡಿ ದಾಟಿ ಎಲ್ಲೋ ಒಯ್ದಿದ್ದ,
ಟ್ರಾನ್ಸ್‌ಫಾರ್ಮರ್ ಪಕ್ಕದ ಕಲ್ಲು.
"ಯುದ್ಧದಾಗ ಮುರೀತೇನು?"
"ಇಲ್ಲ, ನೇಗಿಲಾ ಬಡದು."
ಆ ಗುಳಿಯಲ್ಲಿ ಬೆರಳಿಟ್ಟಿದ್ದೆ, ಬಿಸಿಲಿಗೆ ಕಾದಿತ್ತು.
ಇಲ್ಲಿ ತಣ್ಣಗಿತ್ತು.

"ಎಷ್ಟು?" ಅಂದುಬಿಟ್ಟೆ.
ಹೇಳಿದರು.
ಅಷ್ಟು ನನ್ನ ಹತ್ತಿರ ಇತ್ತು, ಅದೇ ಹೆದರಿಕೆ.
ಒಂದು ಫೋಟೋ ತೆಗೆದೆ. ಸೌಟು ಕೊಂಡೆ.

ಸೌಟನ್ನು ಅವ್ವ ಕೇಳದೇ ಒಯ್ದು
ಹುಣಸೆಹಣ್ಣು ಹಾಕಿ ತಿಕ್ಕತೊಡಗಿದಳು.
ಅಪ್ಪ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದ.
ಕನ್ನಡಕ ತೆಗೆದ, ಹಾಕಿದ.
ಟ್ರಂಕಿನಿಂದ ಎಂಬತ್ತೊಂಬತ್ತರ ಮೀಟರ್ ಪುಸ್ತಕ.
ಪೆನ್ಸಿಲ್ಲಿನ ಕುದುರೆ. ಎಡಗಿವಿ ಇಲ್ಲ.
"ಕೊಂಡಿಲ್ಲಲ್ಲಾ?"
"ಇಲ್ಲ."
"ಚಲೋ ಮಾಡ್ದಿ."
ಆ ರಾತ್ರಿ ದೀಪ ಆರಿಸಲೇ ಇಲ್ಲ.

ಬೆಳಗಾದರೆ ಜೂನ್ ಒಂದು.
ನಾನು ಏಳುವ ಹೊತ್ತಿಗೆ ಅಪ್ಪ ಖಾಕಿ ಅಂಗಿಯಲ್ಲಿದ್ದ,
ನುಸಿಗುಳಿಗೆಯ ವಾಸನೆ,
ಹೊಟ್ಟೆಯ ಹತ್ತಿರ ಗುಂಡಿ ಕೂಡುತ್ತಿಲ್ಲ.
"ಪೊಲೀಸರಿಗೆ ಹೇಳೂಣೇನು?"
"ಹೇಳೂಣು. ಮೊದಲ ಕಲಾಯಿಗಾರಗ.
ಅವನೂ ಒಬ್ಬ ಅಪ್ಪನ ಮಗಾನ."

ಏಳೂ ಹತ್ತರ ಬಸ್ಸು.
ಅಣ್ಣಿಗೇರಿಯ ತನಕ ಮಾತಿಲ್ಲ.
ಕಿಟಕಿಯಲ್ಲಿ ಕಂಬ, ಕಂಬ, ಕಂಬ.
ಅಪ್ಪನ ತುಟಿ ಅಲುಗುತ್ತಿತ್ತು.
"ಸಿಕ್ಕರ ಎಲ್ಲಿ ಇಡೋದಪ್ಪಾ?" ಎಂದೆ.
"ಉಳದರ್ಧ ತಲಿ ಎಲ್ಲಿ ಐತೋ ಅಲ್ಲೆ."
ಆಮೇಲೆ, ಎಣಿಕೆ ತಪ್ಪಿಸಿದೆನೆಂದು
ನನಗೇ ಬೈದ.