ಸೈಕಲ್ಲು ಕುಡಿದದ್ದು

ಮೂರನೆಯ ದಿನ, ಸಾಮರ್‌ಸೆಟ್ಟಿನ ಬಯಲಲ್ಲಿ,
ಮುಚೆಲ್ನಿ ದಾಟುತ್ತಲೇ
ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿತ್ತು: ಸೈಡರ್.
ಬಾಣದ ಗುರುತು ತೋಟದೊಳಕ್ಕೆ.

ಗ್ಲೆನಿಸ್ ಬೆಲ್ ಹೊಡೆದಳು. ನಾನು ಬ್ರೇಕ್ ಹಿಡಿದೆ.
ಬೆಳಿಗ್ಗೆಯಿಂದ ಮೂವತ್ತೊಂದು ಮೈಲಿ ತುಳಿದ ಕಾಲಿಗೆ
ನೆಲ ಇನ್ನೂ ತಿರುಗುತ್ತಲೇ ಇತ್ತು,
ಕುಡಿಯುವ ಮುಂಚೆಯೇ.

ಕೊಟ್ಟಿಗೆಯ ಕತ್ತಲಲ್ಲಿ ಏಳು ಪೀಪಾಯಿ.
ಡೆರಿಕ್ ಎಂಬ ಮುದುಕ, ಮೊಣಕಾಲುದ್ದದ ರಬ್ಬರ್ ಬೂಟು,
ನಲ್ಲಿ ತಿರುಗಿಸಿ ಹಿಡಿದ ಗ್ಲಾಸಿನಲ್ಲಿ
ಮಳೆನೀರಿನ ಹೊಂಡದ ಬಣ್ಣ.
"ಹುಷಾರು, ಇದು ಮೊದಲು ಮಂಡಿಗೆ ಹೋಗುತ್ತೆ" ಅಂದ.
ಹದಿನಾರು ವರ್ಷ ಮನೆಮನೆಗೆ ಹೋಗಿ
ಮುದುಕರ ಮಂಡಿಗೆ ಪಟ್ಟಿ ಸುತ್ತಿದವಳು ನಾನು,
ಮಂಡಿಯ ವಿಷಯ ನನಗೆ ಹೇಳುತ್ತಾನೆ!

ಮೊದಲ ಗುಟುಕು.
ಹುಳಿ. ಆಮೇಲೆ ಒಗರು.
ಆಮೇಲೆ, ತಡವಾಗಿ ಬಂದ ನೆಂಟನ ಹಾಗೆ, ಸೇಬು.
ನಾಲಗೆ ತಟ್ಟನೆ ತಿರುಗಿ ನೋಡಿತು:
ಇದು ಮಧ್ಯಾಹ್ನ ಮೂರರ ಶೇಂದಿ.
ಬಿಸಿಲೇರಿ ಬುರುಗು ಬಂದ ಶೇಂದಿ,
ಮಾನ್ವಿ ರಸ್ತೆಯ ಶೇಂದಿ, ಸವಾರಪ್ಪ ಮಾವನ ಶೇಂದಿ.

ಕ್ಯಾರಿಯರ್ ಮೇಲೆ ಎರಡು, ಹ್ಯಾಂಡಲಿಗೆ ಎರಡು,
ಬಾಯಿಗೆ ಈಚಲು ಗರಿ ತುರುಕಿದ ನಾಲ್ಕು ಕೊಡ
ಕಟ್ಟಿಕೊಂಡು ಹೊರಟರೆ ಮಾವ
ಸೀಟಿನ ಮೇಲೆ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು.
ಕುಲುಕಿಗೆ ನೊರೆ ಉಕ್ಕಿ, ಮಡ್‌ಗಾರ್ಡಿಗೆ ಇಳಿದು,
ಚಕ್ರಕ್ಕೆ ತಾಗಿ, ರಸ್ತೆಗುಂಟ ಒಂದು ತೆಳು ಗೆರೆ;
ಗೆರೆ ಹಿಡಿದು ಇರುವೆ, ಇರುವೆಯ ಹಿಂದೆ ನಾನು.
"ಮಾವಾ, ನೀನ್ಯಾಕ ಕುಡಿಯಂಗಿಲ್ಲ?"
"ಸೈಕಲ್ ಕುಡಿಯಾಕತ್ತೈತಲ್ಲ ತಂಗಿ,
ಇಬ್ರೂ ಕುಡುದ್ರ ದಾರಿ ನೋಡಾವ್ರು ಯಾರು?"

ಇದನ್ನು ಗ್ಲೆನಿಸ್‌ಗೆ ಹೇಳಲು ಹೋದೆ.
ಶೇಂದಿಗೆ ಇಂಗ್ಲಿಷಿನಲ್ಲಿ ಪದವಿದೆ,
ಆ ಗೆರೆಗೆ ಇಲ್ಲ.
ಅದಕ್ಕೇ ಎರಡನೆಯ ಗ್ಲಾಸು.
ಮೂರನೆಯದಕ್ಕೆ ಕಾರಣ ಬೇಕಾಗಲಿಲ್ಲ.

ಈ ಸೀಮೆ ಚಪ್ಪಟೆ. ಏರಿಲ್ಲ, ಇಳಿಜಾರಿಲ್ಲ,
ರೊಟ್ಟಿ ತಟ್ಟಿ ಇಟ್ಟ ಹಾಗೆ.
ಬೀಳುವುದಕ್ಕೆ ಇಲ್ಲಿ ಜಾಗವೆಲ್ಲಿ ಎಂದುಕೊಂಡೆ.
ಜಾಗ ಎರಡೂ ಬದಿಗೆ ಇತ್ತು:
ಹಾದಿಗಿಂತ ಅಗಲದ ಕಾಲುವೆ,
ಮೇಲೆ ಹಸಿರು ಪಾಚಿ, ಹುಲ್ಲೆಂದೇ ಕಾಣುವಷ್ಟು ದಟ್ಟ.
ಪೆಡಲು ಎಷ್ಟು ಹಗುರವೆಂದರೆ
ನಾನು ತುಳಿಯುತ್ತಿಲ್ಲ, ರಸ್ತೆಯೇ
ನನ್ನನ್ನು ಎಳೆದುಕೊಳ್ಳುತ್ತಿದೆ ಅನ್ನಿಸಿತು.
ತಲೆ ಬೋಳಿಸಿದ ವಿಲೋ ಮರಗಳು
ಕೊಡ ಕಟ್ಟುವವನಿಗೆ ಕಾದು ನಿಂತಿದ್ದವು.
ಎಣಿಸುತ್ತಿದ್ದೆ. ಒಂಬತ್ತರವರೆಗೆ ನೆನಪಿದೆ.

ಹತ್ತನೆಯದು ತಲೆಕೆಳಗಾಗಿತ್ತು.

ಸೊಂಟದುದ್ದ ನೀರು. ಒಂದು ಕಿವಿಯಲ್ಲಿ ಪಾಚಿ.
ದಂಡೆಯ ಮೇಲೊಂದು ಎಳೆ ಹೋರಿ
ಮೇಯುವುದು ಬಿಟ್ಟು ನನ್ನನ್ನೇ ನೋಡುತ್ತಿತ್ತು,
ನೋಂದಣಿ ಕಚೇರಿಯ ಗುಮಾಸ್ತನ ಮುಖದಲ್ಲಿ.
ಗ್ಲೆನಿಸ್ ನಕ್ಕಳು, ನಕ್ಕು ಕೂತಳು, ಕೂತು ಅತ್ತಳು,
ಆಮೇಲೆ ಕೈ ಕೊಟ್ಟಳು.
ನಮ್ಮ ಕಡೆಯ ಅರ್ಥದಲ್ಲಿ ಅಲ್ಲ, ನಿಜವಾಗಿ.
ಎಲ್ಲ ಮೇಲೆ ಬಂತು, ಮಂಡಿ ಮಾತ್ರ ಒಲ್ಲೆ ಎಂದಿತು.
ಡೆರಿಕ್ ಸುಳ್ಳು ಹೇಳಿರಲಿಲ್ಲ.

ಲ್ಯಾಂಗ್‌ಪೋರ್ಟಿಗೆ ಇನ್ನೂ ಒಂದೂವರೆ ಮೈಲಿ.
ಹತ್ತಲಿಲ್ಲ. ತಳ್ಳಿಕೊಂಡು ನಡೆದೆ.
ಹಿಂದಿನ ಚೀಲದಲ್ಲಿ ನಾಳೆಗೆಂದು ಕೊಂಡ
ಎರಡು ಲೀಟರಿನ ಕ್ಯಾನು, ಮುಚ್ಚಳ ಸಡಿಲಿ
ತೊಟ್ಟಿಕ್ಕುತ್ತಿತ್ತು. ಗ್ಲೆನಿಸ್ ಬಿಗಿ ಮಾಡಲು ಬಂದಳು.
ಇರಲಿ ಬಿಡು ಅಂದೆ.
ಒಣ ಡಾಂಬರಿನ ಮೇಲೆ ಹಿಂಚಕ್ರದ ಜಾಡಿನಲ್ಲಿ
ಒಂದು ತೆಳು ಗೆರೆ ನಮ್ಮ ಹಿಂದೆ ಬರುತ್ತಿತ್ತು.
ಸಂಜೆಯಾದರೂ ಬಿಡದ ಎರಡು ಕಣಜ, ಅದರ ಜೊತೆ.

ಸೈಕಲ್ಲು ಕುಡಿದಿತ್ತು, ಮಾವಾ.
ನಾನೂ ಕುಡಿದಿದ್ದೆ. ಗ್ಲೆನಿಸಳದ್ದಂತೂ ಕೇಳಲೇಬೇಡ.
ದಾರಿಯೇ ನಮ್ಮನ್ನು ನೋಡಿಕೊಂಡಿತು.