ಗುಂಯ್ ಎನ್ನುವುದು

ರೋಲಾದ ಅಂಗಡಿಯಲ್ಲಿ ಮುನ್ನೂರ ನಲವತ್ತು ದಿರಹಮು ಹೇಳಿದ,
ಮುನ್ನೂರ ಹತ್ತಕ್ಕೆ ಬಂದ.
ನನ್ನ ಆರು ದಿನದ ದುಡಿಮೆ
ಎರಡು ಕಿವಿಗೆ.

‘ಇದು ಸದ್ದನ್ನು ತಡೆಯೋದಿಲ್ಲ ಅಣ್ಣಾ,
ಅದೇ ಅಳತೆಯ ಎದುರು ಸದ್ದು ಹುಟ್ಟಿಸಿ
ಎರಡನ್ನೂ ಮುಗಿಸುತ್ತೆ’
ಎಂದ, ಕಾಸರಗೋಡಿನ ಹುಡುಗ.
ಮುಳ್ಳಿಂದ ಮುಳ್ಳು ತೆಗೆದ ಹಾಗೆ, ಎಂದೆ.
‘ಹೌದು, ಆದರೆ ಇಲ್ಲಿ ಎರಡು ಮುಳ್ಳೂ ಕಾಣೋದಿಲ್ಲ.’

ನಾನು ಎಸಿ ಮೆಕ್ಯಾನಿಕ್ಕು.
ಸ್ಕ್ರೂಡ್ರೈವರಿನ ತುದಿ ಮೋಟರಿಗೆ, ಹಿಡಿ ಕಿವಿಗೆ ಹಚ್ಚಿ
ಯಾವ ಬೇರಿಂಗು ಯಾವ ವಾರ ಸಾಯುತ್ತದೆಂದು ಹೇಳಬಲ್ಲೆ.
ಹದಿನಾಲ್ಕು ವರ್ಷದಿಂದ ಉಣ್ಣುತ್ತಿರುವುದು
ಕಿವಿ ದುಡಿದ ಅನ್ನ.
ಅದಕ್ಕೇ ಸಾಕಾಗಿತ್ತು.

ಕೋಣೆಯಲ್ಲಿ ಆರು ಮಂಚ, ಮೂರರ ಮೇಲೆ ಮೂರು.
ಕಿಟಕಿಯಲ್ಲಿ ಕೂತ ಹಳೆಯ ಎಸಿ,
ಎರಡು ಸಲ ನಾನೇ ಬಿಚ್ಚಿ ಕಟ್ಟಿದ್ದು,
ಗುಂಯ್ ಎನ್ನುತ್ತದೆ ಹಗಲೂ ರಾತ್ರಿ.
ಮೊದಲ ರಾತ್ರಿ ಗುಂಡಿ ಒತ್ತಿದೆ.
ಎಸಿ ಸತ್ತಿತು.
ಧಡಕ್ಕನೆ ಎದ್ದು ಪ್ಲಗ್ಗಿಗೆ ಕೈ ಹಾಕಿದೆ.
ನನ್ನ ಕಸುಬಿನಲ್ಲಿ ಮೌನವೆಂದರೆ
ಯಾರೋ ಕೊಟ್ಟ ದೂರು.
ಮುಖಕ್ಕೆ ತಣ್ಣನೆ ಗಾಳಿ ಬಡಿದ ಮೇಲೆ
ನಾಚಿ ಮಲಗಿದೆ.

ಸುಳ್ಳೇಕೆ, ಸುಖವಿದೆ.
ಜೆಬೆಲ್ ಅಲಿಗೆ ಕಂಪನಿ ವ್ಯಾನಿನಲ್ಲಿ ಒಂದೂವರೆ ಗಂಟೆ,
ಎಂಜಿನ್ನಿಲ್ಲ, ಟೈರಿಲ್ಲ,
ಗಾಜಿನಾಚೆ ಗೋಪುರಗಳು
ಎಣ್ಣೆ ಸವರಿದ ಹಾಗೆ ಜಾರುತ್ತವೆ.
ಹಾಡು ಹಾಕುವುದಿಲ್ಲ, ಸುದ್ದಿ ಹಾಕುವುದಿಲ್ಲ,
ಖಾಲಿಯನ್ನೇ ಕೇಳುತ್ತೇನೆ.
ಇಳಿಯುವಾಗ ತಲೆ
ತೊಳೆದು ಬೋರಲು ಹಾಕಿದ ಪಾತ್ರೆ.

ಆಮೇಲೆ ಆಗಸ್ಟ್ ಬಂತು.
ಬಿಸಿಲಲ್ಲಿ ನಿಂತರೆ ಕಿವಿಗೊಂದರಂತೆ ಇಡ್ಲಿ ಬೇಯುತ್ತದೆ.
ಖುಬ್ಬೂಸ್ ಅಗಿದರೆ ತಲೆಯೊಳಗೆ ಯಾರೋ ಜಲ್ಲಿ ತುಳಿಯುತ್ತಾರೆ.
ಮಗ್ಗುಲಾಗುವಂತಿಲ್ಲ, ಹೆಣದ ಹಾಗೆ ಅಂಗಾತ.
ನಡುರಾತ್ರಿ ಒಬ್ಬಳು ಹೆಂಗಸು, ನೆತ್ತಿಯ ಕೆಳಗೇ ನಿಂತು,
ಚಾರ್ಜು ಮುಗಿಯಿತೆಂದು ಇಂಗ್ಲಿಷಿನಲ್ಲಿ ಎಚ್ಚರಿಸುತ್ತಾಳೆ.
ಅಷ್ಟು ಹತ್ತಿರದಿಂದ ಹೆಣ್ಣೊಬ್ಬಳು ಮಾತಾಡಿದ್ದು
ಕಳೆದ ರಜೆಯಲ್ಲಿ.

ಇದಕ್ಕೊಂದು ಸ್ವಭಾವವಿದೆ, ತಡವಾಗಿ ತಿಳಿಯಿತು.
ಒಂದೇ ಸಮ ಇರುವುದನ್ನು ಅಳಿಸುತ್ತದೆ,
ತಡವರಿಸುವುದನ್ನು ಬಿಟ್ಟುಬಿಡುತ್ತದೆ.
ಗುಂಯ್ ಹೋದ ಜಾಗದಲ್ಲಿ
ಗುಲ್ ಜಮೀನನ ಗೊರಕೆ ಮೊದಲಿಗಿಂತ ಚೊಕ್ಕಟ.
ಹೋಮನಾಥನ ಲೈಟರು, ಕೆಮ್ಮು.
ಮತ್ತೆ, ಕೆಳಗಿನ ಮಂಚದಲ್ಲಿ, ಕಂಬಳಿಯೊಳಗೆ,
ನರ್ಸಯ್ಯನ ಪಿಸುಮಾತು.

ಎರಡು ವರ್ಷ ಅವನ ಮೇಲೆಯೇ ಮಲಗಿದ್ದೇನೆ,
ಒಂದಕ್ಷರ ಕೇಳಿರಲಿಲ್ಲ.
ನನಗೆ ತೆಲುಗು ಅರ್ಧ ಬರುತ್ತದೆ,
ಆ ರಾತ್ರಿಗೆ ಅಷ್ಟು ಸಾಕಾಯಿತು.
ಹೇಳುತ್ತಿದ್ದ,
ಕಂಪನಿಯವರು ರೂಮು ಕೊಟ್ಟಿದ್ದಾರೆ,
ನನಗೊಬ್ಬನಿಗೇ.
ಹೂಂ, ದೊಡ್ಡ ಕಿಟಕಿ.
ಅತ್ತಲಿಂದ ಅವಳು ಏನೋ ಕೇಳಿರಬೇಕು.
ಆ ಸದ್ದಾ?
ಅದು ಸಮುದ್ರ.

ಹೆಡ್‌ಫೋನು ತೆಗೆದೆ.
ಗುಂಯ್ ಬಂದು ಕೋಣೆ ತುಂಬಿತು,
ಕೆಳಗಿನ ಮಂಚಕ್ಕೆ ಪರದೆ ಎಳೆದ ಹಾಗೆ.
ಬಾಡಿಗೆಗೆ ಕೊಟ್ಟದ್ದು ಮಂಚ ಮಾತ್ರ ಅಂದುಕೊಂಡಿದ್ದೆ,
ಗೋಡೆಯನ್ನೂ ಕೊಟ್ಟಿದ್ದರು.
ಅದರ ಮರೆಯಲ್ಲಿ ನಾನೂ
ಏನೇನು ಹೇಳಿದ್ದೇನೋ, ಯಾರಿಗೋ.

ಬೆಳಿಗ್ಗೆ ಚಹಾ ಹಿಡಿದು ನರ್ಸಯ್ಯ ಕೇಳಿದ,
ಹೊಸದು ಹೇಗಿದೆ?
ಬಹಳ ಚೆನ್ನಾಗಿದೆ, ಎಂದೆ.
ಏನೂ ಕೇಳಿಸೋದಿಲ್ಲ.

ಈಗ ಅದು ವ್ಯಾನಿಗೆ ಮಾತ್ರ.

ನಿನ್ನೆಯಿಂದ ನಮ್ಮ ಎಸಿಯ ಫ್ಯಾನು ಕಿರ್ರೆನ್ನುತ್ತಿದೆ.
ಸ್ಕ್ರೂಡ್ರೈವರ್ ಇಟ್ಟು ಕೇಳಿದೆ, ಹೆಚ್ಚೆಂದರೆ ಎರಡು ವಾರ.
ರಜೆಯ ದಿನ ಬಿಚ್ಚಿ ಗ್ರೀಸು ಹಚ್ಚಬೇಕು,
ಕೈ ಹಿಡಿತದಲ್ಲಿಟ್ಟುಕೊಂಡು.
ಕಿರ್ರ್ ಹೋಗಬೇಕು.
ಸಮುದ್ರ ಇರಬೇಕು.